ಉಪ್ಪು ಬಿಡದ ಸೋಮವಾರ

ಹಳಿಯಾಳ
೧೧ ಮಾರ್ಚ್ ೧೯೮೮

ಪ್ರೀತಿಯ ಅಗ್ನೆಸ್,

‘ಮೈಯೆಂಬುದು ಮೂರು ದಿನದ ಬಾಡಿಗೆಮನೆ’... ಮುಂದೇನು? ಧಾರವಾಡದ ಹಾಸ್ಟೆಲಿನಲ್ಲಿ ಯಾವುದೋ ವಾರಪತ್ರಿಕೆಯಿಂದ ಬರೆದುಕೊಂಡು ನಿನಗೆ ಓದಿ ಹೇಳಿದ್ದೆ. ಎರಡನೆಯ ಸಾಲು ಮರೆತಿದೆ, ಮೊದಲನೆಯದರಲ್ಲಿ ನಂಬಿಕೆ ಹೋಗಿದೆ. ಬಾಡಿಗೆಯದಾಗಿದ್ದರೆ ಸೋರುವಾಗ ಮಾಲೀಕನನ್ನು ಬೈದು ಬೇರೆ ಮನೆ ಹುಡುಕಬಹುದಿತ್ತು. ಇದು ನನ್ನ ಸ್ವಂತದ್ದು. ಬಿಟ್ಟುಕೊಡುವ ಮನಸ್ಸಿಲ್ಲ.

ನಿನ್ನ ಕ್ರಿಸ್‌ಮಸ್ ಕಾರ್ಡಿಗೂ ಫೆಬ್ರವರಿಯ ಪತ್ರಕ್ಕೂ ಉತ್ತರ ಬರೆಯಲಿಲ್ಲ, ಕ್ಷಮಿಸು. ಪೆನ್ನು ಹಿಡಿಯುವ ಶಕ್ತಿಯೂ ಇರಲಿಲ್ಲ.

ಪಂಚಮಿಯ ಹೊತ್ತಿಗೆ ಎಡಗಾಲು ಬಾತು, ರಕ್ತ ಹೆಪ್ಪುಗಟ್ಟಿದೆ ಎಂದಿದ್ದರಲ್ಲ, ಅಷ್ಟು ನಿನಗೆ ಗೊತ್ತು. ಬಾವು ಇಳಿಯಿತು. ಆಮೇಲೊಂದು ದಿನ ಬೆನ್ನಿನ ಎರಡೂ ಪಕ್ಕ ಯಾರೋ ಒದ್ದಂತೆ ನೋವು ಬಂದು ಹೋಯಿತು. ಅಂದಿನಿಂದ ಅನ್ನ ಸೇರದು, ಎದ್ದು ನಿಂತರೆ ಕಣ್ಣು ಕತ್ತಲೆ. ನವೆಂಬರಿನಲ್ಲಿ ಗಣೇಶಗುಡಿಯಲ್ಲಿ ಸಿಕ್ಕಾಗ ನೀನು ನನ್ನ ಅಂಗೈಯನ್ನು ನಿನ್ನ ಅಂಗೈ ಪಕ್ಕ ಇಟ್ಟು, “ನನಗಿಂತ ನಿನ್ನ ಗೆರೀನ ಕಪ್ಪಾಗ್ಯಾವಲ್ಲ. ನಮ್ಮ ಸಿದ್ಧಿ ಮಂದ್ಯಾಗ ಸೇರಾಕ ಅರ್ಜಿ ಹಾಕೀ ಏನ?” ಎಂದಿದ್ದೆ. ಇಬ್ಬರೂ ಬಸ್ ತಪ್ಪುವಷ್ಟು ನಕ್ಕೆವು. ರೋಗದ ಗುರುತು ಅದೇ ಆಗಿತ್ತು. ಡಾಕ್ಟರರಿಗಿಂತ ಮೊದಲು ಕಂಡವಳು ನೀನು.

ಊರಿಗೆ ಬಂದ ಮೇಲೆ ಕಾಂಪೌಂಡರ್ ಬಸಲಿಂಗಯ್ಯ ತೋಳಿಗೆ ಪಟ್ಟಿ ಕಟ್ಟಿ, ಎರಡೆರಡು ಸಲ ಗಾಳಿ ಹಾಕಿ ನೋಡಿ, “ಬಾಯಾರಿಗೆ ಬಿ.ಪಿ. ಐತ್ರಿ” ಎಂದ. ಕಡಿಮೆ ಇದೆ ಎಂದು ಅವನ ಅರ್ಥ. ಆದರೆ ನಮ್ಮ ಕಡೆ ಆ ಎರಡಕ್ಷರಕ್ಕೆ ಇರುವುದು ಒಂದೇ ಅರ್ಥ, ಇಂದಿನಿಂದ ಉಪ್ಪು ಬಂದ್ ಎಂದು. ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದ ನಾನೂ, ಹೆಚ್ಚೋ ಕಡಿಮೆಯೋ ಎಂದು ಒಂದು ಮಾತು ಕೇಳಲಿಲ್ಲ.

ಅಂದು ಸಂಜೆಯಿಂದಲೇ ಗುರುಸಿದ್ದವ್ವಕ್ಕ ನನಗೆ ಸಪ್ಪನೆಯ ಸಾರು, ಸಪ್ಪನೆಯ ಪಲ್ಯ ಬಡಿಸತೊಡಗಿದರು. ನಮ್ಮ ಮನೆಯವರ ಅಕ್ಕ ಅವರು, ತಮ್ಮ ಗಂಡ ತೀರಿ ಇಲ್ಲಿಗೆ ಬಂದ ಮೇಲೆ ಅಡುಗೆಮನೆ ಅವರದೇ. ನನಗೋ ಮೈಯೆಲ್ಲ ಉಪ್ಪಿನದೇ ಹಸಿವು. ಯಾರೂ ಇಲ್ಲದಾಗ ಲಿಂಬಿಕಾಯಿ ಉಪ್ಪಿನಕಾಯಿಯ ಭರಣಿಗೆ ಬೆರಳು ಅದ್ದಿ ಚೀಪುತ್ತಿದ್ದೆ. ನಲವತ್ತೆಂಟರ, ಎಂ.ಎ. ಓದಿದ ಹೆಂಗಸು! ಸಿಕ್ಕಿಬಿದ್ದ ದಿನ ಅಕ್ಕ ಭರಣಿಯನ್ನು ಅಟ್ಟಕ್ಕೆ ಏರಿಸಿದರು.

ಜನವರಿಯಲ್ಲಿ ಕ್ಲಾಸಿನಲ್ಲಿ ಹಾಜರಿ ಕರೆಯುತ್ತಲೇ ಬಿದ್ದೆ. ಜೀಪಿನಲ್ಲಿ ಹುಬ್ಬಳ್ಳಿಗೆ ಒಯ್ದರು. ಅಲ್ಲಿನ ವಯಸ್ಸಾದ ಡಾಕ್ಟರರು ನನ್ನ ಒಸಡು ನೋಡಿದರು, ಅಂಗೈ ನೋಡಿದರು, ಉಪ್ಪು ತಿನ್ನಬೇಕು ಅನ್ನಿಸುತ್ತದೆಯೇ ಎಂದು ಕೇಳಿದರು. ನನಗೆ ಅಳು ಬಂತು. ಯಾರೂ ಕೇಳಿರದ ಪ್ರಶ್ನೆ.

ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಒಂದೊಂದು ಸಣ್ಣ ಗ್ರಂಥಿ ಇರುತ್ತದಂತೆ, ಅಡ್ರಿನಲ್ ಎಂದು. ಮೈಯಲ್ಲಿ ಉಪ್ಪು ಉಳಿಯುವುದು, ರಕ್ತದ ಒತ್ತಡ ನಿಲ್ಲುವುದು ಅವುಗಳಿಂದ. ನನ್ನ ಗ್ರಂಥಿಗಳ ನಾಳ ಕಟ್ಟಿಕೊಂಡು, ಒಳಗೇ ರಕ್ತ ಸೋರಿ, ಎರಡೂ ಕೆಟ್ಟಿವೆ. ಬೆನ್ನಿಗೆ ಒದ್ದ ನೋವು ಅದೇ. ನನ್ನ ಮೈ ತನ್ನನ್ನೇ ಶತ್ರುವೆಂದು ತಿಳಿದು ಏನೋ ತಯಾರಿಸಿಕೊಂಡಿದೆ. ಅದರಿಂದಾಗಿ ನನ್ನ ರಕ್ತ ಗಾಜಿನ ನಳಿಗೆಯಲ್ಲಿ ಹೆಪ್ಪುಗಟ್ಟಲು ತಡಮಾಡುತ್ತದೆ, ಮೈಯೊಳಗೆ ಅವಸರ ಮಾಡುತ್ತದೆ. ಇಂಥ ವಿರೋಧಾಭಾಸ ಯಾವ ಅಲಂಕಾರ ಪಾಠದಲ್ಲೂ ನಾನು ಕಲಿಸಿರಲಿಲ್ಲ. ಇನ್ನು ಬದುಕಿರುವವರೆಗೂ ಎರಡು ಹೊತ್ತು ಗುಳಿಗೆ, ಧಾರಾಳ ಉಪ್ಪು. ಬಿಟ್ಟರೆ ಎರಡು ದಿನವೂ ಉಳಿಯುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿ ಕಳಿಸಿದರು.

ಫೆಬ್ರವರಿಯ ಕೊನೆಗೆ ಮನೆಗೆ ಬಂದರೆ ಅಕ್ಕ ಮನೆದೇವರಿಗೆ ಹರಕೆ ಹೊತ್ತಿದ್ದರು. ಎಂಟು ಸೋಮವಾರ ನಾನು ಸಪ್ಪನೆಯ ಒಂದೇ ಊಟ ಮಾಡಬೇಕು, ಅಂದು ಔಷಧ ಮುಟ್ಟಬಾರದು. ಹೊತ್ತವರು ಅವರು, ತೀರಿಸಬೇಕಾದವಳು ನಾನು. ಮೊನ್ನೆ ಮೊದಲ ಸೋಮವಾರ. ನೆಂಟರ ಪೈಕಿ ನಾಲ್ಕು ಹೆಂಗಸರನ್ನೂ ಕರೆದಿದ್ದರು, ಅವರೆದುರು ನಾನು ಬಾಯಿ ಬಿಡಲಾರೆನೆಂದು. ನಾನು ಮೊದಲು ಗುಳಿಗೆ ನುಂಗಿದೆ. ಆಮೇಲೆ ಎದ್ದು ಹೋಗಿ ಉಪ್ಪಿನ ಡಬ್ಬಿ ತಂದು ತಾಟಿನ ಪಕ್ಕ ಇಟ್ಟುಕೊಂಡೆ.

“ಅಕ್ಕಾರ, ಹರಕಿ ನಿಮ್ಮದು, ಉಪ್ಪು ನೀವ ಬಿಡ್ರಿ. ನಾ ಬಿಟ್ಟರ ಸಾಯತೇನಿ.”

ಅಕ್ಕ ಸೌಟು ಕೆಳಗಿಟ್ಟರು. “ಮಕ್ಕಳಿಲ್ಲದಾಕಿ, ಯಾರ ಸಲುವಾಗಿ ಬದುಕಬೇಕಂತ ಇಷ್ಟು ಹಟಾ?”

“ನನ್ನ ಸಲುವಾಗಿ.”

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅಕ್ಕನಿಗೆ ಒಮ್ಮೆಯೂ ಎದುರಾಡದ ನಮ್ಮ ಮನೆಯವರು ತಲೆ ಎತ್ತದೆಯೇ, “ಇತ್ತಾಗೂ ಸ್ವಲ್ಪ ಸರಸು ಆ ಡಬ್ಬಿ, ಪಲ್ಯ ಭಾಳ ಸಪ್ಪಗೈತಿ” ಎಂದರು. ಅಷ್ಟೇ. ಆ ಮನುಷ್ಯನ ಮಟ್ಟಿಗೆ ಅದು ದೊಡ್ಡ ಬಂಡಾಯ. ಅಕ್ಕ ನಾಲ್ಕು ದಿನದಿಂದ ನನ್ನೊಡನೆ ಮಾತಾಡಿಲ್ಲ. ಆಡದಿರಲಿ. ಏಪ್ರಿಲಿನಿಂದ ಕಾಲೇಜಿಗೆ ಹೋಗುತ್ತೇನೆ.

ಪರೀಕ್ಷೆಗೆ ಕೂತ ನಿನ್ನ ಮಗಳು ಕ್ರಿಸ್ತಿನಾಳಿಗೆ ನನ್ನ ಆಶೀರ್ವಾದ ತಿಳಿಸು. ಓದುವುದನ್ನು ಯಾರು ಬಿಡಿಸಿದರೂ ಬಿಡಬೇಡ ಎಂದು ಹೇಳು. ನಿನ್ನ ಮನೆಯಲ್ಲಿ ಎಲ್ಲರೂ ಸುಖವಾಗಿರಲಿ.

ನಿನ್ನ
ನೀಲಗಂಗಾ

ತಾ.ಕ.: ಇದು ಮರೆತದ್ದಲ್ಲ, ಮೇಲೆ ಬರೆಯಲಾರದೆ ಬಿಟ್ಟದ್ದು. ಹುಬ್ಬಳ್ಳಿಯ ಡಾಕ್ಟರರು ಮಕ್ಕಳೆಷ್ಟು ಎಂದು ಕೇಳಲಿಲ್ಲ, ಎಷ್ಟು ಸಲ ಬಸುರಾಗಿದ್ದಿರಿ ಎಂದು ಕೇಳಿದರು. ಮೂರು ಎಂದೆ. ನಾಲ್ಕು ತಿಂಗಳಿಗೊಂದು, ಐದಕ್ಕೊಂದು, ಕೊನೆಯದು ಏಳಕ್ಕೆ. ಅವೂ ಇದೇ ರಕ್ತದ ಕೆಲಸವಿರಬೇಕು, ಕೂಸಿಗೆ ರಕ್ತ ಒಯ್ಯುವ ನಾಳಗಳೇ ಕಟ್ಟಿಕೊಂಡಿರಬೇಕು ಎಂದರು. ಈಗ ಅಂಥವರಿಗೆ ಗುಳಿಗೆ ಕೊಟ್ಟು ಬಸುರು ಉಳಿಸಲು ನೋಡುತ್ತಿದ್ದಾರಂತೆ. ಆ ಸೋಮವಾರ ತಾಟಿನ ಮುಂದೆ ಕೂತೇ ಇದನ್ನೆಲ್ಲ ಓಣಿಗೆ ಕೇಳುವಂತೆ ಹೇಳಿಬಿಟ್ಟೆ. ಬಂಜೆ ಎಂದವರಿಗೆಲ್ಲ ಉತ್ತರ ಕೊಟ್ಟೆನೆಂದು ಇನ್ನೊಂದು ಚಿಟಿಕೆ ಉಪ್ಪು ಹಾಕಿಕೊಂಡೆ. ಮಜ್ಜಿಗೆ ಕೊಡಲು ಬಂದ ಪಕ್ಕದ ಮನೆಯ ಸತ್ತೆವ್ವ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಆ ಮೂರೂ ಸಲ ನನಗೆ ನೀರು ಕಾಸಿ ಹಾಕಿದವಳು ಅವಳೇ. ಅವಳ ಮನಸ್ಸಿನಲ್ಲಿ ಕೆಡುಕಿಲ್ಲ. ತಂಬಿಗೆಯನ್ನು ಹೊಸ್ತಿಲ ಮೇಲಿಟ್ಟು ಮೆಲ್ಲಗೆ ಕೇಳಿದಳು:

“ಹಂಗಾರ ಬಾಯಾರ, ಆಗ ಆ ಗುಳಿಗಿ ಇದ್ದಿದ್ರ ಮೂರೂ ಉಳೀತಿದ್ವೇನ್ರಿ?”