ಶನಿವಾರದ ಮಳೆ

ಅಮ್ಮಾ,

ನಿನಗೆ ಓದು ಬರುತ್ತಿರಲಿಲ್ಲ ಅಂತ ಗೊತ್ತಿದ್ದೂ ಬರೆಯುತ್ತಿದ್ದೇನೆ. ನೀನಿರುವ ಕಡೆ ಓದಿ ಹೇಳುವವರು ಒಬ್ಬರಾದರೂ ಇರಬಹುದು. ಅವರು ಯಾವ ಜಾತಿಯವರೇ ಆಗಲಿ, ಎದುರಿಗೆ ಕುರ್ಚಿ ಹಾಕಿಕೊಂಡು ಕೂತು ಕೇಳು. ಹೊಸಿಲಾಚೆ ನಿಂತು ಕೇಳುವುದಾದರೆ ಈ ಕಾಗದ ಕೇಳಲೇಬೇಡ. ಇದರಲ್ಲಿ ನಿನ್ನ ಮೇಲೆ ಒಂದು ಆರೋಪವಿದೆ. ಹೊರಿಸಿದವಳು ನಾನೇ. ಅದನ್ನು ತೆಗೆದು ಹಾಕುವುದಕ್ಕೆ ಆರು ತಿಂಗಳಿಂದ ಓಡಾಡುತ್ತಿದ್ದೇನೆ, ಒಂದು ಕಡೆ ಕೂರಲು ಆಗುತ್ತಿಲ್ಲ, ಅದಕ್ಕೇ...

ನಾನು ಪಿಎಚ್.ಡಿ.ಗೆ ಸೇರಿದೆ ಅಂತ ಹೇಳಲು ಬಂದ ದಿನ ನೀನು ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದೆ. “ಅದೇನು ಓದೋದು?” ಅಂದೆ. ಹವಾಮಾನಶಾಸ್ತ್ರ, ಗಾಳಿ, ಮೋಡ, ಮಳೆ ಅಂದೆ ನಾನು. “ಮಳೆ ಮ್ಯಾಲೆ ಓದಾಕೇನೈತೆ? ಬಂದ್ರೆ ಅಳೀಬೇಕು, ಬರ್ದಿದ್ರೆ ಕಾಯ್ಬೇಕು. ಅದುಕ್ಕೆ ಐದು ವರ್ಷನಾ?” ಆಮೇಲೆ ನನ್ನನ್ನು ಡಾಕ್ಟರ್ ಅಂತಾರೆ ಅಂದಿದ್ದಕ್ಕೆ, “ಸೂಜಿ ಹಾಕಾಕ್ ಬರಲ್ಲ, ಇನ್ಯಾತರ ಡಾಕ್ಟ್ರು ಕಣೇ ನೀನು” ಅಂತ ನಕ್ಕೆ. ನಾನೂ ನಕ್ಕೆ. ಆ ವರ್ಷ ಮುಗಿಯುವುದರೊಳಗೆ ನೀನು ಹೋದೆ. ನಾನು ಓದಲು ಹೊರಟಿದ್ದು ನೀನು ಅಳೆದ ಮಳೆಯನ್ನೇ ಅಂತ ನಿನಗೆ ಹೇಳಲು ಆಗಲೇ ಇಲ್ಲ. ನನಗೇ ಆಗ ಗೊತ್ತಿರಲಿಲ್ಲವಲ್ಲ.

ಹೋಬಳಿ ಕಚೇರಿಯ ಕಾಂಪೌಂಡಿನಲ್ಲಿ, ಮುಳ್ಳುತಂತಿಯ ಬೇಲಿಯೊಳಗೆ ಆ ಮಳೆಮಾಪಕ ನಿಂತಿದ್ದು ಈಗಲೂ ಕಣ್ಣಿಗೆ ಕಟ್ಟುತ್ತದೆ. ಮೇಲೆ ಹಿತ್ತಾಳೆ ಬಾಯಿ, ಒಳಗೆ ಆಲಿಕೆ, ಅದರ ಕೆಳಗೆ ನೀರು ಇಳಿದು ನಿಲ್ಲುವ ಬಾಟಲಿ. ಬೆಳಿಗ್ಗೆ ಎಂಟೂವರೆಗೆ ಆ ನೀರನ್ನು ಅಳತೆ ಗಾಜಿಗೆ ಸುರಿದು ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಕೆಲಸ ಗುಮಾಸ್ತರದು. ಗುಮಾಸ್ತರು ಮುಳಬಾಗಿಲಿನಿಂದ ಬಸ್ಸು ಹತ್ತಿ ಬರುವಷ್ಟರಲ್ಲಿ ಹತ್ತು ದಾಟುತ್ತಿತ್ತು. ಅಳೆಯುವವಳು ಕಸ ಗುಡಿಸುವ ದಿನಗೂಲಿ ಮುನಿವೆಂಕಟಮ್ಮ, ನೀನು. ಬರೆಯಲು ಬಾರದ ನೀನು ಗಾಜಿನ ಗೆರೆ ಎಣಿಸುತ್ತಿದ್ದೆ. ಎಷ್ಟು ಗೆರೆಯೋ ಅಷ್ಟು ಪೊರಕೆಕಡ್ಡಿ ಮುರಿದು ಕಿಟಕಿಯ ಸರಳಿನ ಬುಡದಲ್ಲಿ ಇಡುತ್ತಿದ್ದೆ, ದಿನಕ್ಕೊಂದು ಸರಳು. ಗುಮಾಸ್ತರು ಕಡ್ಡಿ ಎಣಿಸಿ ಮಿಲಿಮೀಟರಿನಲ್ಲಿ ಬರೆದು ಸಹಿ ಹಾಕುತ್ತಿದ್ದರು. ಆ ಕಚೇರಿಯ ಕುಡಿಯುವ ನೀರಿನ ಕೊಡವನ್ನು ನೀನು ಮುಟ್ಟುವ ಹಾಗಿರಲಿಲ್ಲ. ಆಕಾಶದಿಂದ ಬಿದ್ದ ನೀರನ್ನು ಮಾತ್ರ ನೀನು ಮುಟ್ಟಿದರೆ ಯಾರ ಮೈಲಿಗೆಯೂ ಆಗುತ್ತಿರಲಿಲ್ಲ. ಎಂಥ ದೇಶ ಇದು ಅಂತ ಆಗ ನನಗೆ ಅನ್ನಿಸಿತ್ತಾ? ಇಲ್ಲ. ಕಡ್ಡಿ ಎಣಿಸುವುದು ಆಟವಾಗಿತ್ತು.

ಐದನೇ ಕ್ಲಾಸಿನಿಂದ ನಾನು ಕೋಲಾರದ ಹಾಸ್ಟೆಲಿನಲ್ಲಿದ್ದೆ. ಶನಿವಾರ ಮಧ್ಯಾಹ್ನ ಬಸ್ಸಿಳಿದು ನೇರ ಕಚೇರಿ ಹತ್ತಿರ ಬಂದರೆ ಮಳೆಮಾಪಕದ ಹಿತ್ತಾಳೆ ಬಾಯಿ ಬಿಸಿಲಿಗೆ ಚಿನ್ನದ ಹಾಗೆ ಹೊಳೆಯುತ್ತಿತ್ತು, ಅದರ ಮೈಗೆ ಮೂರು ಬೊಟ್ಟು ಕುಂಕುಮ. ಕಾಲೇಜಿಗೆ ಬಂದು ಸಂಘಟನೆ ಸೇರಿ, ಅಧ್ಯಯನ ಶಿಬಿರಗಳಲ್ಲಿ ಕೂತು, ತಮಟೆ ಹಿಡಿದು ಬೀದಿಗಿಳಿದ ಮೇಲೆ ಆ ಕುಂಕುಮ ನನ್ನ ಕಣ್ಣಿಗೆ ಚುಚ್ಚತೊಡಗಿತು. “ಸರ್ಕಾರಿ ಡಬ್ಬಕ್ಕೆ ಪೂಜೆ ಮಾಡ್ತೀಯಲ್ಲಮ್ಮ, ನಾಚಿಕೆ ಆಗಲ್ವಾ? ನಮ್ಮನ್ನ ಗುಡಿಯೊಳಕ್ಕೇ ಬಿಡ್ದೋರ ಬೊಟ್ಟು ನಮಗ್ಯಾಕೆ?” ಅಂತ ಒರೆಸಿ ಹಾಕಿದೆ. ನೀನು ಸೆರಗಿನ ತುದಿ ಕಚ್ಚಿಕೊಂಡು, “ಊರ್ಕೋಮ್ಮಾ, ಸುಮ್ನಿರು, ಅನ್ನ ಕೊಡೋ ಸಾಮಾನು” ಅಂದೆ, ಅಷ್ಟೇ. ಮುಂದಿನ ಶನಿವಾರ ಮತ್ತೆ ಮೂರು ಬೊಟ್ಟು. ವರ್ಷಗಟ್ಟಲೆ ಈ ಜಗಳ ನಡೆಯಿತು. ಕುಂಕುಮದ ವಿಷಯದಲ್ಲಿ ನಾನು ಈಗಲೂ ರಾಜಿಯಾಗಿಲ್ಲ, ಆಗುವುದೂ ಇಲ್ಲ. ಆದರೆ ನಾನು ಕುಂಕುಮ ನೋಡುತ್ತ ಬೇರೆ ಏನನ್ನೋ ನೋಡದೆ ಬಿಟ್ಟೆ. ಅದು ಗೊತ್ತಾಗಲು ಹವಾಮಾನಶಾಸ್ತ್ರದ ನಾಲ್ಕು ವರ್ಷ ಬೇಕಾಯಿತು.

ಬೆಂಗಳೂರಿನ ಪ್ರಯೋಗಾಲಯದಲ್ಲಿ ಮೊದಲ ಸಲ ಆ ನಕ್ಷೆ ಪರದೆಯ ಮೇಲೆ ಮೂಡಿದಾಗ ನನ್ನ ಗೈಡ್ ಮೇಡಂ ಕುರ್ಚಿ ಎಳೆದುಕೊಂಡು ಬಂದು ಕೂತರು. ಗಾಳಿಯಲ್ಲಿರುವ ದೂಳಿನ ಕಣಗಳು ಮಳೆಯನ್ನು ಹೇಗೆ ಬದಲಿಸುತ್ತವೆ ಅನ್ನುವುದು ನನ್ನ ಪ್ರಶ್ನೆ. ಕೋಲಾರ ಸೀಮೆಯ ಹಳೇ ಕೇಂದ್ರಗಳ ದಿನದಿನದ ಮಳೆಯನ್ನು ವಾರದ ಏಳು ದಿನಗಳಿಗೆ ಹಂಚಿ ನೋಡಿದರೆ, ಒಂದು ಕೇಂದ್ರದಲ್ಲಿ ಮಾತ್ರ ಶನಿವಾರ ಬೆಳಿಗ್ಗೆ ಸಣ್ಣ ಮಳೆ. ಪ್ರತಿ ವಾರ, ವರ್ಷಾನುಗಟ್ಟಲೆ. ಯಾವ ಕೇಂದ್ರ ಹೇಳು? ನಮ್ಮದು. “ಮಾಲೂರು ಕಡೆ ಫ್ಯಾಕ್ಟರಿ ಸೋಮವಾರದಿಂದ ದೂಳು ಉಗುಳ್ತಾವೆ, ವಾರದ ಕೊನೆಗೆ ಅದು ನಿಮ್ಮೂರ ಮೇಲಿನ ಮೋಡದಲ್ಲಿ ಕೂತ್ಕೊಳುತ್ತೆ. ಇದೇ ನಿನ್ನ ಥೀಸಿಸ್ ಕಣಮ್ಮ” ಅಂದರು ಮೇಡಂ. ನಾನು ಕುಣಿದೆ. ಫ್ಯಾಕ್ಟರಿಯವರ ಹೊಗೆ, ಬಡವರ ಮಳೆ. ನನ್ನಂಥವಳಿಗೆ ಇದಕ್ಕಿಂತ ಏನು ಬೇಕು? ಲೇಖನ ಬರೆದೆವು, ಪತ್ರಿಕೆಯವರು ಒಪ್ಪಿಕೊಂಡರು. ನಂಬಬೇಕು ಅಂದುಕೊಂಡಿದ್ದು ಕಣ್ಣೆದುರು ಬಂದು ನಿಂತರೆ, ಇದು ಎಲ್ಲಿಂದ ಬಂತು ಅಂತ ಕೇಳುವವರು ಯಾರು?

ಕೇಳಿದ್ದು ಮಾರ್ಚ್ ತಿಂಗಳು. ನೆತ್ತಿ ಸುಡುವ ಮಾರ್ಚಿನಲ್ಲೂ ಶನಿವಾರ ಒಂದು ಗೆರೆ ಮಳೆ ಇತ್ತು. ಉಪಗ್ರಹದ ಹಳೇ ಚಿತ್ರ ತೆಗೆದು ನೋಡಿದೆ, ಆಕಾಶದಲ್ಲಿ ಹತ್ತಿಯೆಳೆಯಷ್ಟು ಮೋಡವಿಲ್ಲ. ಆ ಶನಿವಾರಗಳಲ್ಲಿ ನಾನು ಊರಿಗೆ ಬಂದಿದ್ದೆನಲ್ಲಮ್ಮ, ರಸ್ತೆಯ ದೂಳಿನಲ್ಲಿ ಒಂದು ಹನಿಯ ಗುರುತೂ ಇರಲಿಲ್ಲ. ಹಾಗೆ ಯೋಚಿಸುತ್ತ ಕೂತಾಗ ಆ ಹೊಳೆಯುವ ಹಿತ್ತಾಳೆ ನೆನಪಾಯಿತು. ಸುಮ್ಮನೆ ಹೊಳೆಯುತ್ತದಾ ಹಿತ್ತಾಳೆ? ಶುಕ್ರವಾರ ಮನೆಯ ಪಾತ್ರೆಯೆಲ್ಲ ಬೆಳಗುವ ನೀನು ಅದನ್ನೂ ಬೆಳಗಿದ್ದೀಯ. ಬಾಟಲಿ ತೊಳೆದಿದ್ದೀಯ. ತಳದಲ್ಲಿ ಉಳಿದ ನೀರು ಶನಿವಾರ ಬೆಳಿಗ್ಗೆ ಗಾಜಿಗೆ ಬಿದ್ದಿದೆ. ನನ್ನ ಸಿದ್ಧಾಂತದ ಮಳೆ ನೀನು ಬಾಟಲಿ ತೊಳೆದ ನೀರು. ಹಾಸ್ಟೆಲಿನಲ್ಲಿದ್ದ ನನಗೆ ಶುಕ್ರವಾರದ ನೀನು ಗೊತ್ತೇ ಇರಲಿಲ್ಲ. ಅವತ್ತೇ ಮೇಡಮ್ಮಿಗೆ ಹೇಳಿದೆ. ಅವರು ಪರದೆಯ ಮೇಲಿನ ನಕ್ಷೆ ಮುಚ್ಚಿ, “ಪೇಪರ್ ವಾಪಸ್ ತಗೊಳ್ಳೋಣ. ಕಾರಣ ಒಂದು ಸಾಲಲ್ಲಿ ಬರಿ” ಅಂದರು. ನಮ್ಮ ಶಾಸ್ತ್ರದಲ್ಲಿ ಅದಕ್ಕೆ ಸಿದ್ಧಪದವಿದೆ. ಪತ್ರಿಕೆಗೂ ಥೀಸಿಸ್ಸಿಗೂ ನಾನು ಅದನ್ನೇ ಟೈಪ್ ಮಾಡಿದೆ: ವೀಕ್ಷಕರ ತಪ್ಪು. ಇಷ್ಟು ವರ್ಷ ಯಾವ ಕಾಗದದಲ್ಲೂ ಇಲ್ಲದ ನೀನು ಮೊದಲ ಸಲ ದಾಖಲೆಗೆ ಬಂದಿದ್ದು ಹೀಗೆ, ಹೆಸರಿಲ್ಲದೆ, ತಪ್ಪಿತಸ್ಥಳಾಗಿ, ಮಗಳ ಕೈಯಿಂದ.

ಖಚಿತ ಮಾಡಿಕೊಳ್ಳಬೇಕಿತ್ತಲ್ಲ, ಮುಳಬಾಗಿಲಿಗೆ ಗುಮಾಸ್ತರ ಮನೆ ಹುಡುಕಿಕೊಂಡು ಹೋದೆ. ನನಗೆ ಪೇಪರ್ ಕಪ್ಪಿನಲ್ಲಿ ಕಾಫಿ ಕೊಡುತ್ತಾರೆ, ಅಲ್ಲಿಂದಲೇ ಜಗಳ ಶುರು ಮಾಡೋಣ ಅಂತ ಸಿದ್ಧಳಾಗಿದ್ದೆ. ಅವರು ತಾವೇ ಸ್ಟೀಲ್ ಲೋಟ ತಂದುಕೊಟ್ಟರು. “ಮುನಿವೆಂಕಟಮ್ಮನ ಮಗಳಾ? ಕೂತ್ಕೋಮ್ಮ. ಒಂದ್ ದಿನಾನೂ ತಪ್ಪಿಸ್ದೋಳಲ್ಲ ನಿಮ್ಮಮ್ಮ. ಶುಕ್ರವಾರ ಬಂತು ಅಂದ್ರೆ ಹುಣಸೆಹಣ್ಣು ತಗೊಂಡು ಆ ಡಬ್ಬದ ಬಾಯಿ ಉಜ್ಜೋದೇ ಉಜ್ಜೋದು.”

“ಬಾಟ್ಲೂ ತೊಳೀತಿದ್ಲಾ ಸಾರ್?”

“ತೊಳೆದು ಬೋರಲು ಹಾಕೋಳು. ಕುತ್ತಿಗೆ ಸಣ್ಣದಲ್ವಾ, ಒಳಗೆ ಒಂಚೂರು ಉಳಿಯೋದು. ಅವಳೇ ಒಂದ್ಸಲ ಬಂದು ಹೇಳಿದ್ಲು ಕಣಮ್ಮ. ‘ಸಾಮಿ, ಶನಿವಾರದ ಒಂದು ಗೆರೆ ಮಳೇದಲ್ಲ, ನಾನು ತೊಳೆದಿದ್ದು, ಅದನ್ನ ಬಿಟ್ಟು ಬರ್ಕೊಳಿ’ ಅಂತ.”

ನಾನು ಲೋಟ ಕೆಳಗಿಟ್ಟೆ. “ನೀವೇನಂದ್ರಿ?”

“ಬಾಟ್ಲಲ್ಲಿ ಎಷ್ಟಿದ್ಯೋ ಅಷ್ಟು ಕಡ್ಡಿ ಇಡು, ನಿನ್ ತಲೆ ಓಡಿಸ್ಬೇಡ ಅಂದೆ. ಇನ್‌ಸ್ಪೆಕ್ಷನ್ನಿಗೆ ಬಂದೋರು ಇದ್ದಿದ್ದನ್ನ ಇದ್ದಂಗೆ ಬರೀಬೇಕು ಅಂದಿದ್ರು. ಆಮೇಲೆ ಅವಳು ಮಾತೆತ್ತಲಿಲ್ಲ. ಯಾಕಮ್ಮ, ತಪ್ಪಾಯ್ತಾ?”

ಕೋಲಾರದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೂ ನಿಂತೇ ಬಂದೆ. ನೀನು ಹೇಳಿದ್ದೆ. ಉಪಕರಣದ ದೋಷ ಏನು, ಯಾವ ದಿನ ಬರುತ್ತದೆ, ಎಷ್ಟು ಗೆರೆ, ಅದನ್ನು ಹೇಗೆ ಸರಿಮಾಡಬೇಕು, ಎಲ್ಲ ಹೇಳಿದ್ದೆ. ನಾಲ್ಕು ವರ್ಷ ಕಂಪ್ಯೂಟರ್ ಮುಂದೆ ಕೂತು ನಾನು ಕಂಡುಹಿಡಿದಿದ್ದನ್ನು ನೀನು ಕೈಯಲ್ಲಿ ಹುಣಸೆಹಣ್ಣು ಹಿಡಿದುಕೊಂಡು ಒಂದು ಮಾತಿನಲ್ಲಿ ಹೇಳಿದ್ದೆ. ತಲೆ ಓಡಿಸಬೇಡ ಅಂದರು. ಯಾರಿಗೆ ಹೇಳುತ್ತಾರೆ ಈ ಮಾತನ್ನು? ಕಲೆಕ್ಟರ್ ಹೆಂಡತಿ ಬಂದು ಅದೇ ಮಾತು ಹೇಳಿದ್ದರೆ ಹೀಗೆ ಅನ್ನುತ್ತಿದ್ದರಾ? ಗುಮಾಸ್ತರನ್ನು ಬೈದರೆ ನನ್ನ ಸಿಟ್ಟು ಇಳಿಯುವುದಿಲ್ಲ, ಅವರು ಕೆಟ್ಟವರೂ ಅಲ್ಲ. ಪೊರಕೆ ಹಿಡಿದವಳಿಗೂ ತಲೆ ಇದೆ ಅಂತ ಅವರಿಗೆ ಯಾರೂ ಕಲಿಸಿರಲಿಲ್ಲ. ನನಗೆ? ಶಿಬಿರ, ಭಾಷಣ, ಹಾಡು, ಇಷ್ಟೆಲ್ಲ ಕಲಿತ ನಾನು ‘ವೀಕ್ಷಕರ ತಪ್ಪು’ ಅಂತ ಬರೆಯುವ ಮುಂಚೆ ವೀಕ್ಷಕರು ಏನು ಹೇಳಿದ್ದರು ಅಂತ ಕೇಳಿದೆನಾ?

ಮೇಡಂ ಕೋಣೆಯಲ್ಲಿ ಮಾರನೇ ದಿನ ನಡೆದ ಜಗಳ ಕಾರಿಡಾರಿನವರೆಗೂ ಕೇಳಿಸಿತಂತೆ. ಆ ಸಾಲನ್ನು ತೆಗೆದು ಪೂರ್ತಿ ಕಥೆ ಬರೆಯುತ್ತೇನೆ, ಅಳೆದವಳ ಹೆಸರು ಹಾಕುತ್ತೇನೆ ಅಂದೆ. “ಥೀಸಿಸ್ ಬರೀತಿದ್ದೀಯೋ ಕರಪತ್ರ ಬರೀತಿದ್ದೀಯೋ?” ಅಂದರು. ಎರಡರಲ್ಲೂ ಸುಳ್ಳು ಬರೆಯುವ ಹಾಗಿಲ್ಲ ಮೇಡಂ ಅಂದೆ. “ಒಂದು ಕೇಂದ್ರ ಕೆಟ್ಟಿದೆ, ಕೈಬಿಡು. ಪಕ್ಕದ ಕೇಂದ್ರದ್ದು ಚೊಕ್ಕವಾಗಿದೆಯಲ್ಲ, ಅದನ್ನ ತಗೋ.” ಆ ಚೊಕ್ಕ ಅನ್ನುವ ಮಾತು ನನ್ನನ್ನು ಕೆರಳಿಸಿತು. ಒಂದು ವಾರ ಕೂತು ಆ ಚೊಕ್ಕ ರಿಜಿಸ್ಟರುಗಳನ್ನೆಲ್ಲ ಜಾಲಾಡಿದೆ. ಅಮ್ಮಾ, ಅಲ್ಲಿ ಮಳೆ ಬರುವುದೇ ಐದು, ಹತ್ತು, ಹದಿನೈದು ಮಿಲಿಮೀಟರ್. ತುಂತುರು ಅನ್ನುವುದೇ ಇಲ್ಲ. ತಿಂಗಳ ಕೊನೆಗೆ ಮೇಜಿನ ಮುಂದೆ ಕೂತು ಸುರಿಸಿದ ಮಳೆ ಅದು. ನಿನ್ನ ರಿಜಿಸ್ಟರಿನಲ್ಲಿ ಶನಿವಾರ ಒಂದು ಗೆರೆ ಹೆಚ್ಚು, ನಿಜ. ಆದರೆ ಆ ಒಂದು ಗೆರೆಯೇ ಹೇಳುತ್ತದೆ, ಇಲ್ಲಿ ದಿನಾ ಯಾರೋ ಬಗ್ಗಿ ಗಾಜು ನೋಡಿದ್ದಾರೆ ಅಂತ. ಆ ಗುಮಾಸ್ತರು ನಿವೃತ್ತರಾದ ಮೇಲೆ ನಿನ್ನನ್ನು ಕೆಲಸ ಬಿಡಿಸಿದರಲ್ಲ, ಆ ತಿಂಗಳಿಂದ ಶನಿವಾರದ ಗೆರೆಯೂ ನಿಂತಿದೆ, ತುಂತುರೂ ನಿಂತಿದೆ, ನಮ್ಮ ಹೋಬಳಿಯಲ್ಲೂ ಐದು ಹತ್ತು ಹದಿನೈದು ಶುರುವಾಗಿದೆ. ನಕ್ಷೆಯನ್ನು ಮೇಡಂ ಮುಂದೆ ಇಟ್ಟೆ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. “ಇದು ಬೇರೆಯೇ ಥೀಸಿಸ್ ಆಯ್ತಲ್ಲೇ” ಅಂದರು.

ಹೋದ ವಾರ ಮಹಾಪ್ರಬಂಧ ಒಪ್ಪಿಸುವ ಮುಂಚಿನ ಸಭೆ ಇತ್ತು. ಹೊರಗಿನಿಂದ ಬಂದಿದ್ದ ಪ್ರೊಫೆಸರರೊಬ್ಬರು, “ಅಳೆದವರು ತರಬೇತಿ ಪಡೆದವರಾ? ಅವರ ಅಳತೆ ನಂಬೋದು ಹೇಗೆ?” ಅಂದರು. ನಾನು ಹೇಳಿದೆ: “ತಮ್ಮ ಅಳತೆಯಲ್ಲಿ ದೋಷವಿದೆ ಅಂತ ತಾವೇ ಬಂದು ಹೇಳಿದವರು ಅವರೊಬ್ಬರೇ ಸಾರ್. ಬರೆದುಕೊಳ್ಳದೇ ಇದ್ದವರು ತರಬೇತಿ ಪಡೆದವರು.” ಮೇಡಂ ನೆಲ ನೋಡುತ್ತಿದ್ದರು. ನಗು ತಡೆದುಕೊಳ್ಳುತ್ತಿದ್ದರೋ ಸಿಟ್ಟೋ, ಗೊತ್ತಾಗಲಿಲ್ಲ. ಕೊನೆಗೆ ಸಭೆ ತೀರ್ಮಾನಿಸಿತು. ಹಳೇ ಅಧ್ಯಾಯ ಪೂರ್ತಿ ಬಿಡಬೇಕು, ಹೊಸದು ಬರೆಯಲು ಇನ್ನೊಂದು ವರ್ಷ. ನಿನ್ನ ಕೇಂದ್ರ ಉಳಿಯುತ್ತದೆ, ಶನಿವಾರದ ಗೆರೆ ಕಳೆದು. ‘ವೀಕ್ಷಕರ ತಪ್ಪು’ ಹೋಯಿತು. ಅದರ ಜಾಗದಲ್ಲಿ ‘ವೀಕ್ಷಕರು ತಿಳಿಸಿದ್ದ ದೋಷ, ದಾಖಲಾಗಿಲ್ಲ’ ಅಂತ ಬರುತ್ತದೆ. ವೀಕ್ಷಕರು: ಮುನಿವೆಂಕಟಮ್ಮ.

ಅದಕ್ಕೆ ಪುರಾವೆ ಬೇಕು ಅಂದಿದ್ದರು. ಗುಮಾಸ್ತರಿಗೆ ಫೋನ್ ಮಾಡಿದಾಗ ಅವರು ಎರಡು ದಿನ ಟೈಮ್ ಕೇಳಿದರು. ಹೆದರಿದರು, ಕೊಡಲ್ಲ ಅಂದುಕೊಂಡೆ. ಮೂರನೇ ದಿನ ಕಾಗದ ಬಂತು. ತಾವು ಆ ಕಚೇರಿಯಲ್ಲಿದ್ದಷ್ಟು ಕಾಲ ಒಂದು ದಿನವೂ ಮಳೆ ಅಳೆದಿಲ್ಲ, ಅಳೆದವಳು ನೀನು, ನೀನು ಹೇಳಿದ ಮಾತನ್ನು ಬರೆದುಕೊಳ್ಳದಿದ್ದದ್ದು ತಮ್ಮ ತಪ್ಪು ಅಂತ ಬರೆದು ಕೆಳಗೆ ಸಹಿ ಹಾಕಿದ್ದಾರೆ. ಅಕ್ಷರ ಸೊಟ್ಟಪಟ್ಟ ಆಗಿದೆ, ವಯಸ್ಸಾಯಿತು.

ಇನ್ನೊಂದು ಸುದ್ದಿ. ಐದು ಹತ್ತು ಹದಿನೈದು ಅಲ್ಲದ, ತುಂತುರನ್ನೂ ಬಿಡದ ರಿಜಿಸ್ಟರುಗಳನ್ನು ಬೇರೆ ಜಿಲ್ಲೆಗಳಲ್ಲೂ ಹುಡುಕುತ್ತಿದ್ದೇನೆ. ಸಹಿ ಯಾರದು ಅಂತಲ್ಲ, ಬಗ್ಗಿ ನೋಡಿದವರು ಯಾರು ಅಂತ ವಿಚಾರಿಸುತ್ತಿದ್ದೇನೆ. ಇಲ್ಲಿಯವರೆಗೆ ನಾಲ್ಕು ಹೆಂಗಸರ ಹೆಸರು ಸಿಕ್ಕಿದೆ. ಮೂವರು ನಿನ್ನ ಹಾಗೇ ಹೋಗಿಬಿಟ್ಟಿದ್ದಾರೆ. ಒಬ್ಬಾಕೆ ಈಗ ಗೌನಿಪಲ್ಲಿಯಲ್ಲಿ ಮಗಳ ಮನೆಯಲ್ಲಿದ್ದಾಳಂತೆ, ಕಿವಿ ಸ್ವಲ್ಪ ಮಂದವಂತೆ, ಮಾತು ಮಾತ್ರ ಜೋರಂತೆ. ನಾಡಿದ್ದು ಬೆಳಿಗ್ಗೆ ಶ್ರೀನಿವಾಸಪುರದ ಬಸ್ಸಿಗೆ ಅಲ್ಲಿಗೆ ಹೊರಡುತ್ತೇನೆ. ಎಷ್ಟು ಮಳೆ ಬಂದಿತ್ತು ಅಂತ ಆಮೇಲೆ ಕೇಳುತ್ತೇನೆ. ಮೊದಲು ಆಕೆ ಹೇಳಬೇಕು ಅಂದುಕೊಂಡು ನುಂಗಿಕೊಂಡಿದ್ದು ಏನು ಅಂತ ಕೇಳಿ, ಆಕೆಯ ಎದುರೇ ಬರೆದುಕೊಳ್ಳುತ್ತೇನೆ.

ನಿನ್ನ ಮಗಳು