ಮೊತ್ತ ಬರೆಯದ ರಸೀದಿ

ಅಕ್ಕ,

ತೆರಿಗೆ ಲೆಕ್ಕ ಹಾಕಲು ಕೂತಾಗ ಕೈ ತಾನಾಗಿಯೇ ನಿನ್ನ ನಂಬರ್ ಒತ್ತಿಬಿಟ್ಟಿತು. ವರ್ಷವರ್ಷವೂ ನೀನು ನಡೆಸುತ್ತಿದ್ದ ಕಿವುಡು ಮಕ್ಕಳ ಶಾಲೆಗೆ ಹಣ ಕಳಿಸಿ, ಬೆನ್ನಿಗೇ ರಸೀದಿ ಕೇಳುವುದು ರೂಢಿಯಾಗಿತ್ತಲ್ಲ. ಫೋನ್ ಎತ್ತಿದ್ದು ಶಾಲೆಯ ಆಯಾ.

"ರಸೀದಿ ತಾನೇ? ನಿಮ್ದು ಮೇಡಂ ಆಗ್ಲೇ ಬರೆದಿಟ್ಟು ಹೋಗಿದಾರೆ. ಬನ್ನಿ" ಅಂದರು.

ಇವತ್ತು ಹೋಗಿದ್ದೆ. ನಿನ್ನ ಮೇಜಿನ ಡ್ರಾಯರಿನಿಂದ ತೆಗೆದುಕೊಟ್ಟರು. ನನ್ನ ಹೆಸರಿದೆ, ಕೆಳಗೆ ನಿನ್ನ ಸಹಿ ಸೊಟ್ಟಗಾಗಿದೆ. ಮೊತ್ತದ ಜಾಗ ಮಾತ್ರ ಖಾಲಿ.

ನನಗೆ ತಲೆಬುಡ ತಿಳಿಯಲಿಲ್ಲ. ಕೊಟ್ಟಿದ್ದರ ದುಪ್ಪಟ್ಟು ಬರೆದುಕೊಡು ಎಂದು ಒಮ್ಮೆ ಕೇಳಿದ್ದಕ್ಕೆ, "ಉಳಿತಾಯರಾಯ, ಕೊಟ್ಟಷ್ಟೇ ಬರೀತೀನಿ. ಮಿಕ್ಕಿದ್ದಕ್ಕೆ ತೆರಿಗೆ ಕಟ್ಟು. ರಸ್ತೆ ಮೇಲೆ ನೀನೂ ಓಡಾಡ್ತೀಯಲ್ಲ" ಎಂದು ನಕ್ಕವಳು ನೀನು.

"ಎಷ್ಟು ಅಂತ ಯಾಕೆ ಬರೆದಿಲ್ಲ?" ಎಂದೆ.

ಆಯಾ ಡ್ರಾಯರು ಮುಚ್ಚಿದರು. "ಕಾಯಿಲೆ ಜೋರಾದಾಗ ಬರೆದಿದ್ದು. 'ಈ ಸಲ ಅವನೇ ಬಂದು ಕೊಡ್ತಾನೆ, ಆಗ ತುಂಬಿದ್ರಾಯ್ತು' ಅಂತಿದ್ರು. ದಿನಾ ಕುರ್ಚಿನ ಗೇಟಿನ ಕಡೆ ತಿರುಗಿಸ್ಕೊಂಡು ಕೂರೋರು."

ಈಗ ನೀನೇ ಇಲ್ಲ; ಯಾವ ಅಂಕಿ ಬರೆದರೂ ಕೇಳುವವರಿಲ್ಲ. ತೆರಿಗೆಯೂ ಚೆನ್ನಾಗಿಯೇ ಉಳಿಯುತ್ತದೆ. ಆದರೆ ಕೊಟ್ಟಷ್ಟೇ ಬರೆಯಬೇಕು ಅಂದಿದ್ದೀಯಲ್ಲ. ಪೆನ್ನು ತೆರೆದು ಕೂತು ತುಂಬಾ ಹೊತ್ತಾಯಿತು, ಅಕ್ಕ. ಈ ವರ್ಷ ನಿನಗೆ ಕೊಟ್ಟದ್ದು ಏನೂ ನೆನಪಾಗುತ್ತಿಲ್ಲ.