ಮುಂದಿನ ಪ್ರಶ್ನೆಗೆ ಬಿದ್ದ ನನ್ನ ‘ಹೌದು’

ದೂರಸಂಪರ್ಕ ಸೇವೆಯ ಒಪ್ಪಂದಗಳಿಗೆ ಷರತ್ತು ಬರೆಯುವ ಮಾನ್ಯರೇ,

ಇವತ್ತು ನನಗೆ ಉಪವಾಸ. ಬೆಳಿಗ್ಗೆ ಎದ್ದು ಮನೆ ಗುಡಿಸಿ, ನೀರು ತುಂಬಿಸಿ, ಮನೆಯವರಿಗೆ ಬುತ್ತಿ ಕಟ್ಟಿ, ದೇವರಿಗೆ ದೀಪ ಹಚ್ಚಿ ಈ ಕಾಗದಕ್ಕೆ ಕೂತಿದ್ದೇನೆ. ಉಪವಾಸದ ದಿನ ಸುಳ್ಳು ಬರೆಯಲು ನನಗೆ ಕೈ ಬರುವುದಿಲ್ಲ. ನಿಮ್ಮ ಒಪ್ಪಂದದಲ್ಲಿ ಒಂದು ಸಾಲು ಇಲ್ಲ. ಆಡಿದ ಮಾತು ಎಷ್ಟು ಹೊತ್ತಿನೊಳಗೆ ಆಚೆಯವರ ಕಿವಿ ಮುಟ್ಟಬೇಕು ಎಂಬ ಸಾಲು. ಅದು ಇಲ್ಲದ್ದರಿಂದ ನನ್ನ ತಂಗಿಯ ಮಗಳು ಇಂದು ನನ್ನ ಮನೆಯಲ್ಲಿಲ್ಲ.

ತಂಗಿ ತೀರಿಕೊಂಡ ಮೇಲೆ ಮಗು ನಮ್ಮಲ್ಲೇ ಇತ್ತು, ಎರಡನೇ ತರಗತಿಗೆ ಹೋಗುತ್ತಿತ್ತು. ನಾನೇ ಸಾಕುತ್ತೇನೆಂದು ಅರ್ಜಿ ಹಾಕಿದೆ. ವಿಚಾರಣೆಗೆ ಮಕ್ಕಳ ಕಲ್ಯಾಣದ ಅಧಿಕಾರಿಯವರು ಬರಲಿಲ್ಲ, ಅವರ ಚಿತ್ರ ಬಂತು. ಸೇವಾ ಕೇಂದ್ರದ ಪರದೆಯ ಮುಂದೆ ನಾನು, ಚಿತ್ರಕ್ಕೆ ಸಿಗದಂತೆ ಪಕ್ಕದಲ್ಲಿ ಮನೆಯವರು.

“ಮಗುವನ್ನು ನೀವೇ ಸಾಕುವಿರಾ?” ಎಂದು ಚಿತ್ರ ಕೇಳಿತು. “ಹೌದು” ಎಂದೆ. ನನ್ನ ಹೌದು ಹೊರಟಿತು, ಮುಟ್ಟಲಿಲ್ಲ. ಅವರು ನನ್ನ ಮುಖ ನೋಡಿದರು. ಹಿಂಜರಿಯುತ್ತಿದ್ದಾಳೆ ಎಂದುಕೊಂಡರೋ ಏನೋ, “ಬಾಲಕಿಯರ ನಿಲಯಕ್ಕೆ ಬಿಡಲು ಒಪ್ಪಿಗೆಯೇ?” ಎಂದರು. ಆಗ ಹೋಗಿ ಮುಟ್ಟಿತು ನನ್ನ ಹೌದು. ನಾನು ಗಾಬರಿಯಿಂದ “ಇಲ್ಲ, ಇಲ್ಲ” ಎಂದು ಕೂಗುವಷ್ಟರಲ್ಲಿ ಅವರು ಮೂರನೆಯದಕ್ಕೆ ಬಂದಿದ್ದರು: “ಮನೆಯಲ್ಲಿ ನೋಡಿಕೊಳ್ಳಲು ಬೇರೆ ಯಾರಾದರೂ ಇದ್ದಾರೆಯೇ?” ಅದಕ್ಕೆ ಸಿಕ್ಕಿತು ನನ್ನ ‘ಇಲ್ಲ’. ಅವರು ಕೈ ಮುಗಿದರು, ಪರದೆ ಕಪ್ಪಾಯಿತು.

ಆದೇಶ ಬಂದ ದಿನ ಅದನ್ನು ಓದಿಸಿ ಕೇಳಿದ ಮನೆಯವರು, “ಅಲ್ಲ ಕಣೇ, ನಾನಿನ್ನೂ ಬದುಕಿದ್ದೀನಲ್ಲೇ!” ಎಂದರು. ನಗು ಬರುವ ಮಾತು. ಆದರೆ ಮಗುವಿನ ಬಟ್ಟೆ ಕಟ್ಟುತ್ತಾ ಆಡಿದ ಮಾತಾದ್ದರಿಂದ ಇಬ್ಬರೂ ನಗಲಿಲ್ಲ.

ಅಧಿಕಾರಿಯವರ ಕಚೇರಿಗೆ ಹೋದರೆ ಅಂದು ಮುದ್ರಿಸಿಕೊಂಡ ಮಾತು ಕೇಳಿಸಿ ಹೇಳಿದ್ದು, “ದನಿ ನಿಮ್ಮದೇ ಅಲ್ವೇನಮ್ಮಾ?” ನನ್ನದೇ. ನಿಮ್ಮ ಕಚೇರಿಗೆ ಬಂದೆ. ನಿಮ್ಮ ಎಂಜಿನಿಯರು ಒಳ್ಳೆಯವರು, ಕುರ್ಚಿ ಕೊಟ್ಟರು. “ಅಮ್ಮಾ, ಕಂಪನಿಯವರು ಇಂತಿಷ್ಟು ವೇಗ ಕೊಡಬೇಕು ಅಂತ ಬರೆದಿದೆ, ಕೊಟ್ಟಿದ್ದಾರೆ. ಮಾತು ಹೋಗಿ ಮುಟ್ಟೋಕೆ ಎಷ್ಟು ಹೊತ್ತು ಅಂತ ಬರೆದಿಲ್ಲ. ಹಾಗಾಗಿ ಅವರ ತಪ್ಪು ಅನ್ನೋಕಾಗಲ್ಲ.”

“ಯಾಕಪ್ಪಾ ಬರೆದಿಲ್ಲ?”

“ಯಾರೂ ಕೇಳಲಿಲ್ಲ.”

ವೇಗವೂ ಇದೆ, ತಡವೂ ಆಗುತ್ತದೆ ಎಂದರೆ ಏನು ಮಾನ್ಯರೇ? ಆ ಎಂಜಿನಿಯರೇ ಬಿಡಿಸಿ ಹೇಳಿದರು. ಕೊಳವೆ ದಪ್ಪಗಿದೆ, ಬಿಟ್ಟರೆ ಕೊಡಗಟ್ಟಲೆ ನೀರು ಬರುತ್ತದೆ, ಆದರೆ ನಲ್ಲಿ ತಿರುಗಿಸಿ ಕಾಯಬೇಕು. ಸರಿ. ಕಾಯುವುದು ಎಷ್ಟು ಎಂದು ಬರೆಯದೆ ಕೊಳವೆಯ ದಪ್ಪವನ್ನಷ್ಟೇ ಅಳೆದು ಸಹಿ ಹಾಕಿದ ಮಹಾನುಭಾವರು ನೀವೇ ತಾನೇ? ನಿಮ್ಮ ಮನೆಯಲ್ಲಿ ಯಾರೂ ಫೋನಿನಲ್ಲಿ ಜಗಳವಾಡಿಲ್ಲವೇ?

ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ ಮಾಡುವವಳು. ಒಣಗಿದ ಹೊದಿಕೆಯನ್ನು ಇಬ್ಬರು ಎದುರು ಬದುರು ನಿಂತು ಮಡಚುತ್ತೇವೆ. ನಾನು ಎಳೆದಾಗ ಎದುರಿನವಳೂ ಎಳೆಯಬೇಕು, ತಡವಾದರೆ ಒಗೆದ ಬಟ್ಟೆ ನೆಲ ಒರೆಸುತ್ತದೆ. ಮಾತೂ ಹಾಗೆ, ಇಬ್ಬರು ಹಿಡಿದ ಬಟ್ಟೆ. ನನ್ನ ಎದುರು ನಿಲ್ಲುವವಳನ್ನು ನಾವು ಬಿರುಗಾಳಿ ಎನ್ನುತ್ತೇವೆ. ಅವಳೆಂದಳು: “ಅಕ್ಕಾ, ಆ ಸಾಹೇಬ್ರನ್ನ ಒಂದಿನ ನನ್ನೆದುರು ನಿಲ್ಸು. ಒದ್ದೆ ಹೊದಿಕೆ ಮುಖಕ್ಕೆ ಬಿದ್ರೆ ಎಲ್ಲಾ ಷರತ್ತೂ ನೆನಪಾಗತ್ತೆ.”

ಈಗ ನಿಲಯದಿಂದ ವಾರಕ್ಕೊಮ್ಮೆ ಮಗುವಿನ ಮುಖ ತೋರಿಸುತ್ತಾರೆ, ಅದೇ ಪರದೆಯಲ್ಲಿ. ಮೊದಲ ಸಲ ಅದು “ದೊಡ್ಡಮ್ಮಾ, ನಿಂಗೆ ನಾನು ಬೇಡ್ವಾ?” ಎಂದಿತು. “ಬೇಕು ಕಂದಾ” ಎಂದೆ. ಅದು ಮುಟ್ಟುವ ಮೊದಲೇ ಮಗು ಮುಖ ತಿರುಗಿಸಿಯಾಗಿತ್ತು. ದೇವರೂ ತಡವಾಗಿಯೇ ಉತ್ತರ ಕೊಡುತ್ತಾನೆ, ಅದನ್ನು ಬಲ್ಲೆ. ಆದರೆ ಅವನು ನನ್ನ ವರವನ್ನು ಬೇರೆ ಯಾರದೋ ಪ್ರಾರ್ಥನೆಗೆ ಕೊಟ್ಟು ಕೈ ಮುಗಿದು ಹೋಗುವುದಿಲ್ಲ. ಕಳೆದ ವಾರ ಮಗು ಹೇಳಿತು: “ದೊಡ್ಡಮ್ಮಾ, ನಾನು ಒಂದು ಕೇಳಿ ಸುಮ್ನೆ ಕೂತಿರ್ತೀನಿ. ನಿನ್ನ ಮಾತು ಬಂದ್ಮೇಲೇ ಇನ್ನೊಂದು ಕೇಳ್ತೀನಿ.” ಇಷ್ಟು ಕಲಿಯಲು ಮಗುವಿಗೆ ಯಾವ ಒಪ್ಪಂದವೂ ಬೇಕಾಗಲಿಲ್ಲ.

ನಿಮಗೆ ಬೇಕು. ಆದ್ದರಿಂದ ಬರೆಯಿರಿ. ಮಾತು ಹೋಗಿ ಉತ್ತರ ಬರಲು ಇಷ್ಟೇ ಹೊತ್ತು, ಮೀರಿದರೆ ದಂಡ, ಎಂದು ಬರೆಯಿರಿ. ಅಳೆಯುವುದು ಕಂಪನಿಯ ತಣ್ಣನೆಯ ಕೋಣೆಯಲ್ಲಲ್ಲ, ನಾನು ಕೂತ ಮುರುಕು ಕುರ್ಚಿಯಲ್ಲಿ. ಎಲ್ಲರೂ ಮಾತಾಡುವ ಹೊತ್ತಿನಲ್ಲಿ ಅಳೆಯಿರಿ. ಎಲ್ಲವನ್ನೂ ಕೂಡಿಸಿ ಸರಾಸರಿ ಹೇಳಬೇಡಿ, ನನ್ನ ಮಗು ಸರಾಸರಿಯಲ್ಲಿ ಕಳೆದುಹೋದದ್ದಲ್ಲ. ಅಂದು ತಂತಿಯಲ್ಲಿ ಮಾತು ತಡವಾಗಿತ್ತು ಎಂದು ಒಂದು ಮಾತು ಮಕ್ಕಳ ಕಲ್ಯಾಣದವರಿಗೆ ಬರೆದು ಕೊಡಿ. ವಿಚಾರಣೆ ಇನ್ನೊಮ್ಮೆ ಆಗಲಿ, ಮುಖಾಮುಖಿ.

ಅಲ್ಲಿಯವರೆಗೆ, ಇದನ್ನು ಓದುವವರಲ್ಲಿ ಯಾರಾದರೂ ಮಕ್ಕಳ ಕಲ್ಯಾಣದ ಕಚೇರಿಯ ಕಡೆ ಹೋಗುವವರಿದ್ದರೆ ಒಂದು ಉಪಕಾರ ಮಾಡಿ. ನನ್ನ ಹೌದು ಅಲ್ಲಿ ಬೇರೆ ಪ್ರಶ್ನೆಯ ಪಕ್ಕದಲ್ಲಿ ಕೂತಿದೆ. ಅದರ ಕೈ ಹಿಡಿದು ಹಿಂದಿನ ಪ್ರಶ್ನೆಗೆ ಕರೆತನ್ನಿ.

ಇಂತಿ,
ಕೇಳಿದ ಕೂಡಲೇ ಉತ್ತರ ಕೊಟ್ಟವಳು,
ಆ ಮಗುವಿನ ದೊಡ್ಡಮ್ಮ